ಬೆಂಗಳೂರಿನ ಅಹಮದ್ ಖಾನ್

ನಮ್ಮ ಜಮಖಂಡಿ-ಮುಧೋಳದ ಕಡೆ ಆಟಗಾರನೆಂದರೆ ಕುಸ್ತಿಯ ಪೈಲವಾನನೇ ಕಣ್ಣಮುಂದೆ ನಿಲ್ಲುತ್ತಾನೆ. ಕಾಲ್ಚೆಂಡಾಟದಲ್ಲಿ ಕೀರ್ತಿ ಗಳಿಸಿದ ಕನ್ನಡನಾಡಿನವರನ್ನು ನಾವು ಬಲ್ಲುದು ಕಡಿಮೆ. ಅಂಥವರಲ್ಲೊಬ್ಬರು 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹಮದ್ ಖಾನ್.

ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಆಡಿ ಪಳಗಿದ ಅವರು 1948ರ ಲಂಡನ್ ಒಲಿಂಪಿಕ್ಸಿಗೆ ಹೋದರು. ಆ ಭಾರತ ತಂಡದ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. 1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ಅಲ್ಲಿ ಅವರೂ ಮುಂಚೂಣಿಯ ಇನ್ನು ನಾಲ್ವರೂ ‘ಪಂಚಪಾಂಡವರು’ ಎನಿಸಿದರು. 1949ರಿಂದ 1951ರವರೆಗೆ ಮೂರು ವರುಷವೂ ಐ.ಎಫ್.ಎ. ಶೀಲ್ಡ್ ಆ ಸಂಘಕ್ಕೇ ದಕ್ಕಿತು. 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಅವರಿದ್ದರು.

1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮವರ ಮೇಲೆ 10 ಗೋಲು ಹೊಡೆಯಿತು. ಭಾರತದ ಒಂದೇ ಗೋಲು, ಆಟ ಮುಗಿಯುವ ಹೊತ್ತಿಗೆ, ಅಹಮದ್ ಖಾನರಿಂದ ಬಂತು. ಆ ಸೋಲಿನ ತರುವಾಯವೇ ದೇಶದಲ್ಲಿ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಅವರು 2017ರಲ್ಲಿ ತೀರಿಕೊಂಡರು.

ಆ ಒಂದು ಗೋಲಿನಿಂದ ಪಂದ್ಯ ಗೆಲ್ಲಲಿಲ್ಲ, ನಿಜ. ಆದರೆ ಸೋಲು ನಿಶ್ಚಯವಾದ ಮೇಲೂ ಅವರ ಕಾಲು ನಿಲ್ಲಲಿಲ್ಲ. ಮನೆತನದಲ್ಲಿ ಮೊದಲ ಸಲ ಪದವಿ ಪರೀಕ್ಷೆಗೆ ಕೂಡುವ ನಮ್ಮಂಥವರು ನೆನೆಯತಕ್ಕ ಮಾತು ಇದು.