ತಾತನ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸಬೇಡ

ಶ್ರೀಗಂಧದ ಕಾವಲ್,
ಬೆಂಗಳೂರು

ಪುಟ್ಟಿ,

ನೀನು ಕಳಿಸಿದ ಫೋಟೊ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಂಡು ಸ್ಕ್ರೂಡ್ರೈವರ್ ಕೈಗೆ ತಗೊಳ್ಳುವ ಹುಡುಗಿ ನೀನು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ತಾತನ ಕಂಪ್ಯೂಟರ್ ಸತ್ತ ಮೇಲೆ ಅದರ ಹಾರ್ಡ್ ಡಿಸ್ಕ್ ಬಿಚ್ಚಿ ನಿನ್ನ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಹಾಕಿದ್ದೀಯ. ವಿಂಡೋಸ್ ಎಕ್ಸ್‌ಪಿ ಲೋಗೋ ಬರುತ್ತೆ, ನೀಲಿ ಪರದೆ ಮಿಂಚಿ ಮಾಯವಾಗುತ್ತೆ, ಮತ್ತೆ ಮೊದಲಿಂದ ಶುರು. ಅಂಗಡಿಯವನು ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಕೊಡ್ತೀನಿ ಅಂದನಂತೆ. ಅವನ ಕೈಗೆ ಅದನ್ನು ಕೊಡಬೇಡ. ಲೋಗೋವರೆಗೆ ಬಂದ ಡಿಸ್ಕ್ ತಿರುಗುತ್ತಿದೆ, ತನ್ನಲ್ಲಿರುವುದನ್ನು ಓದಿಕೊಡುತ್ತಿದೆ. ಬೂಟ್ ಆಗದಿರುವುದೇ ಬೇರೆ, ಡಿಸ್ಕ್ ಹೋಗುವುದೇ ಬೇರೆ.

ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಪೀಣ್ಯದ ವರ್ಕ್‌ಶಾಪುಗಳಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ತಲೆ ನೆರೆಸಿಕೊಂಡವನು ನಾನು. ಸಿಎನ್‌ಸಿ ಯಂತ್ರದ ಪಕ್ಕ ಎಣ್ಣೆ ಹೊಗೆ ಕುಡಿದು ಕಪ್ಪಾದ ಎಕ್ಸ್‌ಪಿ ಕಂಪ್ಯೂಟರುಗಳು ಇಂದಿಗೂ ಅಲ್ಲಿ ದುಡಿಯುತ್ತಿವೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಯಂತ್ರಕ್ಕೆ ಬೇಕಾದ ಕಾರ್ಡೂ ಪ್ರೋಗ್ರಾಮೂ ಹೊಸದರಲ್ಲಿ ಓಡದಿದ್ದರೆ ಮಾಲೀಕ ಏನು ಮಾಡಿಯಾನು? ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಅದನ್ನು ಆಫ್ ಮಾಡಿ, ಒರೆಸಿ, ಕುಂಕುಮ ಇಟ್ಟು, ನಿಂಬೆಹಣ್ಣು ಹೆಚ್ಚುತ್ತಾರೆ. ರಜೆ ಮುಗಿದ ಬೆಳಿಗ್ಗೆ ನನ್ನ ಫೋನು ಬಡಿದುಕೊಳ್ಳಲು ಶುರು. ವರ್ಷವಿಡೀ ಬಿಸಿಯಾಗಿ ತಿರುಗಿದ ಡಿಸ್ಕ್ ತಣ್ಣಗಾಗಿ ನಿಂತ ಮೇಲೆ ಮತ್ತೆ ಏಳಲು ಹಟ ಮಾಡುತ್ತದೆ. ಅಲ್ಲೂ ಮೊದಲು ಕೇಳಿಬರುವ ಮಾತು ಫಾರ್ಮ್ಯಾಟ್ ಎಂಬುದೇ. ನಮ್ಮ ಊರಲ್ಲಿ ಈ ಪದವನ್ನು ಜ್ವರಕ್ಕೆ ಮಾತ್ರೆ ಬರೆದಷ್ಟು ಸಲೀಸಾಗಿ ಬಳಸುತ್ತಾರೆ.

ಪವರ್ ಒತ್ತಿದಾಗ ಏನು ನಡೆಯುತ್ತದೆ ಎಂಬುದು ಗೊತ್ತಿದ್ದರೆ ಪರದೆಯ ಸಂದೇಶವೇ ಅರ್ಧ ಉತ್ತರ. ಮದರ್‌ಬೋರ್ಡಿನ ಬಯಾಸ್ ಎಂಬ ಪ್ರೋಗ್ರಾಂ ಮೊದಲು ಎಚ್ಚರಾಗಿ, ಮೆಮೊರಿ, ಕೀಬೋರ್ಡು, ಡಿಸ್ಕುಗಳನ್ನು ತಡಕುತ್ತದೆ. ಆಮೇಲೆ ಬೂಟ್ ಪಟ್ಟಿಯಲ್ಲಿ ಮೊದಲಿರುವ ಡಿಸ್ಕಿನ ಮೊದಲ 512 ಬೈಟ್ ಓದುತ್ತದೆ. ಅದರಲ್ಲಿ 446 ಬೈಟ್ ಒಂದು ಪುಟ್ಟ ಪ್ರೋಗ್ರಾಂ, 64 ಬೈಟ್ ಪಾರ್ಟಿಶನ್ ಪಟ್ಟಿ, ಉಳಿದ ಎರಡು ಬೈಟ್ ಇದು ಬೂಟ್ ಆಗುವ ಡಿಸ್ಕ್ ಎನ್ನುವ ಗುರುತು. ಆ ಪುಟ್ಟ ಪ್ರೋಗ್ರಾಂ ಪಾರ್ಟಿಶನ್ನಿನ ಬೂಟ್ ಸೆಕ್ಟರನ್ನು ಕರೆಯುತ್ತದೆ, ಅದು ಎನ್‌ಟಿಎಲ್‌ಡಿಆರ್ ಎಂಬ ಲೋಡರನ್ನು, ಲೋಡರು ವಿಂಡೋಸನ್ನು. ಇಲ್ಲಿಯವರೆಗೆ ಡಿಸ್ಕ್ ಓದಿಕೊಟ್ಟದ್ದು ಬಯಾಸ್. ಇಲ್ಲಿಂದ ಮುಂದೆ ವಿಂಡೋಸ್ ತನ್ನದೇ ಡ್ರೈವರಿನಿಂದ ಓದಬೇಕು. ನಿನ್ನದು ನಿಂತಿರುವುದು ಈ ಕೈಬದಲಾವಣೆಯಲ್ಲಿ.

ನೀಲಿ ಪರದೆ ನಿಲ್ಲುವುದಿಲ್ಲ, ಓದಲಾಗುವುದಿಲ್ಲ ಅಂದೆ. ಲೋಗೋ ಬರುವ ಮೊದಲೇ ಎಫ್8 ಒತ್ತುತ್ತಾ ಇರು. ಬರುವ ಪಟ್ಟಿಯಲ್ಲಿ ತಾನಾಗಿ ರೀಸ್ಟಾರ್ಟ್ ಆಗುವುದನ್ನು ತಡೆಯುವ ಸಾಲೊಂದಿದೆ, ಅದನ್ನು ಆರಿಸು. ಈಗ ಪರದೆ ನಿಲ್ಲುತ್ತದೆ. ಸ್ಟಾಪ್ ಕೋಡಿನ ಕೊನೆಯಲ್ಲಿ 7ಬಿ ಅಂತ ಕಾಣುತ್ತದೆಂದು ನನ್ನ ಊಹೆ. ಬೂಟ್ ಡಿಸ್ಕ್ ನನ್ನ ಕೈಗೆ ಸಿಗುತ್ತಿಲ್ಲ ಎಂದು ವಿಂಡೋಸ್ ಹೇಳುವ ರೀತಿ ಅದು. ಕಾರಣ ಸರಳ. ಇನ್‌ಸ್ಟಾಲ್ ಆದ ದಿನ ಎಕ್ಸ್‌ಪಿ ಹಳೇ ಮದರ್‌ಬೋರ್ಡಿನ ಡಿಸ್ಕ್ ಕಂಟ್ರೋಲರಿಗೆ ತಕ್ಕ ಡ್ರೈವರನ್ನು ಇಟ್ಟುಕೊಂಡಿತ್ತು. ನಿನ್ನ ಬೋರ್ಡಿನಲ್ಲಿ ಕಂಟ್ರೋಲರ್ ಬೇರೆ, ಮೇಲಾಗಿ ಅದು ಎಎಚ್‌ಸಿಐ ಎಂಬ ಪದ್ಧತಿಯಲ್ಲಿ ಓಡುತ್ತಿರಬಹುದು. ಆ ಪದ್ಧತಿ ಬಂದದ್ದು 2004ರಲ್ಲಿ, ಎಕ್ಸ್‌ಪಿ ಬಿಡುಗಡೆಯಾದದ್ದು 2001ರಲ್ಲಿ. ಹಾಗಾಗಿ ಎಕ್ಸ್‌ಪಿಗೆ ಆ ಪದ್ಧತಿಯ ಪರಿಚಯವೇ ಇಲ್ಲ.

ಪರಿಹಾರ ಎಷ್ಟೋ ಸಲ ಒಂದು ಸೆಟ್ಟಿಂಗ್ ಅಷ್ಟೇ. ಬಯಾಸಿಗೆ ಹೋಗಿ ಸಾಟಾ ಮೋಡ್ ಹುಡುಕು. ಎಎಚ್‌ಸಿಐ ಇದ್ದರೆ ಹಳೇ ಐಡಿಇ ಪದ್ಧತಿಗೆ ಬದಲಿಸು. ಕೆಲವು ಬೋರ್ಡುಗಳಲ್ಲಿ ಕಂಪ್ಯಾಟಿಬಲ್ ಅಥವಾ ಲೆಗಸಿ ಅಂತ ಬರೆದಿರುತ್ತಾರೆ. ಬೋರ್ಡು ಬಯಾಸಿನ ಬದಲಿಗೆ ಬಂದ ಯುಇಎಫ್‌ಐ ಕಾಲದ್ದಾದರೆ ಬೂಟ್ ಮೋಡನ್ನೂ ಲೆಗಸಿಗೆ ಇಡಬೇಕು. ವಿಂಡೋಸ್ 7ರಲ್ಲಿ ಎಎಚ್‌ಸಿಐ ಡ್ರೈವರ್ ಒಳಗೇ ಇದೆ, ಆದರೆ ಐಡಿಇ ಮೋಡಿನಲ್ಲಿ ಇನ್‌ಸ್ಟಾಲ್ ಮಾಡಿದ್ದರೆ ಅದನ್ನು ಮಲಗಿಸಿರುತ್ತದೆ. ಅಲ್ಲೂ ಇದೇ 7ಬಿ. ಲಿನಕ್ಸಿಗೆ ಈ ರಗಳೆ ಕಡಿಮೆ, ಬಹುತೇಕ ಕಂಟ್ರೋಲರುಗಳ ಡ್ರೈವರ್ ಅದರ ಜೊತೆಗೇ ಬರುತ್ತದೆ.

ಸೆಟ್ಟಿಂಗ್ ಬದಲಿಸಿ ಸರಿಹೋಯಿತು ಅಂದುಕೊಂಡರೆ ಮರುದಿನ ಮತ್ತೆ ಅದೇ ಕತೆ ಆಗಬಹುದು. ಆಗ ಗಡಿಯಾರ ನೋಡು. ತಾರೀಖು ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸೆಲ್ ಸತ್ತಿದೆ, ಸ್ವಿಚ್ ಆರಿಸಿದಾಗಲೆಲ್ಲ ಬಯಾಸ್ ಎಲ್ಲವನ್ನೂ ಮರೆಯುತ್ತಿದೆ. ಸಿಆರ್2032, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಮೊದಲು ಸೆಲ್ ಹಾಕು, ಆಮೇಲೆ ಸೆಟ್ಟಿಂಗ್.

ಬೇರೆ ಸಂದೇಶಗಳ ಬಗ್ಗೆಯೂ ಎರಡು ಮಾತು. ಸಿಸ್ಟಮ್ ಡಿಸ್ಕ್ ಹಾಕಿ ಎಂಟರ್ ಒತ್ತಿ ಎಂದು ಬಂದರೆ ಪೆನ್‌ಡ್ರೈವ್ ಚುಚ್ಚಿದ್ದೀಯಾ ನೋಡು, ಬೂಟ್ ಪಟ್ಟಿಯ ಕ್ರಮ ನೋಡು. ಎನ್‌ಟಿಎಲ್‌ಡಿಆರ್ ಇಲ್ಲ ಅಂದರೆ ಹಲವು ಸಲ ಬಯಾಸ್ ಬೇರೆ ಡಿಸ್ಕಿನಿಂದ ಬೂಟ್ ಮಾಡಲು ಹೊರಟಿರುತ್ತದೆ. ಹೆಚ್‌ಎಎಲ್ ಡಿಎಲ್‌ಎಲ್ ಕಾಣೆಯಾಗಿದೆ ಎಂಬುದಂತೂ ಬಹುತೇಕ ಸುಳ್ಳುಬುರುಕ ಸಂದೇಶ. ಹೆಚ್ಚಿನ ಸಲ ಆ ಫೈಲು ಇದ್ದಲ್ಲೇ ಇರುತ್ತದೆ, ಬೂಟ್ ಐಎನ್‌ಐ ಕಡತದಲ್ಲಿ ಡಿಸ್ಕ್ ಅಥವಾ ಪಾರ್ಟಿಶನ್ ಸಂಖ್ಯೆ ತಪ್ಪಾಗಿದ್ದರೆ ಹೀಗೆ ಬರುತ್ತದೆ. ಬಯಾಸಿಗೆ ಡಿಸ್ಕೇ ಕಾಣದಿದ್ದರೆ ಕೇಬಲ್, ಪವರ್. ಅಗಲ ರಿಬ್ಬನ್ ಕೇಬಲಿನ ಹಳೇ ಐಡಿಇ ಡಿಸ್ಕ್ ಸಿಕ್ಕಿದರೆ ಹಿಂಬದಿಯ ಜಂಪರನ್ನೂ ನೋಡಬೇಕು: ಒಂದೇ ಕೇಬಲಿನಲ್ಲಿ ಸಿಡಿ ಡ್ರೈವೂ ಡಿಸ್ಕೂ ಎರಡೂ ಮಾಸ್ಟರ್ ಆಗಿ ಕೂತರೆ ಎರಡೂ ಕಾಣದೇ ಹೋಗಬಹುದು. ಡಿಸ್ಕ್ ಒಳಗಿಂದ ಟಕ್ ಟಕ್ ಎಂದು ಒಂದೇ ಸಮನೆ ಸದ್ದು ಬಂದರೆ ಏನೂ ಪ್ರಯೋಗ ಬೇಡ, ತಕ್ಷಣ ಪವರ್ ತೆಗೆ.

ಇಷ್ಟೆಲ್ಲ ಹೇಳಿದೆನಲ್ಲ, ಇದರಲ್ಲಿ ಯಾವುದನ್ನೂ ಈಗಲೇ ಮಾಡಬೇಡ. ಮೊದಲು ಆ ಡಿಸ್ಕಿನ ಪೂರ್ತಿ ನಕಲು ಆಗಬೇಕು. ಬೂಟ್ ಆಗಲು ಹೊರಟ ವಿಂಡೋಸ್ ಸುಮ್ಮನಿರುವುದಿಲ್ಲ: ಚೆಕ್‌ಡಿಸ್ಕ್ ಓಡಿಸುತ್ತದೆ, ಏನೇನೋ ಬರೆಯುತ್ತದೆ. ಸಾಟಾದಿಂದ ಯುಎಸ್‌ಬಿಗೆ ಹಾಕುವ ಅಡಾಪ್ಟರ್ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ. 3.5 ಇಂಚಿನ ಡಿಸ್ಕ್ ಆದ್ದರಿಂದ ಪವರ್ ಅಡಾಪ್ಟರ್ ಕೂಡ ಇರುವುದನ್ನೇ ಕೇಳು; ಬರೀ ಯುಎಸ್‌ಬಿಯ ಕರೆಂಟಿಗೆ ಅದು ತಿರುಗುವುದಿಲ್ಲ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮಿನಿಂದ ಇಡೀ ಡಿಸ್ಕನ್ನು ಒಂದೇ ಇಮೇಜ್ ಫೈಲಾಗಿ ಇಳಿಸಿಕೊಳ್ಳಬಹುದು. ಓದಲಾಗದ ಜಾಗಗಳನ್ನು ಅದು ಕೊನೆಗೆ ಬಿಟ್ಟು ಉಳಿದದ್ದನ್ನು ಮೊದಲು ತೆಗೆಯುತ್ತದೆ. ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚಿದಾಗ ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು ಎಂದು ಕೇಳಿದರೆ ಕ್ಯಾನ್ಸಲ್. ಎಷ್ಟು ಸಲ ಕೇಳಿದರೂ ಕ್ಯಾನ್ಸಲ್.

ಬೂಟ್ ಯಾಕೆ ಬೇಕು, ಫೈಲ್ ಎತ್ತಿಕೊಂಡರೆ ಸಾಲದೇ ಎಂದು ನಿನ್ನಪ್ಪ ಕೇಳಿದ್ದಾನೆ. ಸಾಲದು ಕಣಮ್ಮ. ತಾತ ಮಾಗಡಿ ರೋಡಿನ ಆ ಸಣ್ಣ ಡಿಟಿಪಿ ಅಂಗಡಿಯಲ್ಲಿ ಮಾಡಿದ ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಡಾವಣೆಯ ಸ್ಮರಣ ಸಂಚಿಕೆ ಎಲ್ಲ ಪೇಜ್‌ಮೇಕರಿನಲ್ಲಿವೆ, ಅಕ್ಷರ ನುಡಿ ಎಂಬ ತಂತ್ರಾಂಶದ್ದು. ಪೇಜ್‌ಮೇಕರ್ 7ರ ನಂತರ ಅಡೋಬಿ ಅದನ್ನು ಮುಂದುವರಿಸಲಿಲ್ಲ. ಆ ಫೈಲುಗಳನ್ನು ಇನ್‌ಡಿಸೈನ್ ಸಿಎಸ್6ವರೆಗೆ ತೆರೆಯುತ್ತಿತ್ತು, ಈಗಿನದು ತೆರೆಯುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಆ ಕಾಲದಲ್ಲಿ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವಧೂವರರ ಹೆಸರು ಕೂಡ ಟೋಪಿ, ಬಾಲ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ನಕಲಿಸಿದ ಫೈಲ್ ಕೆಟ್ಟಿದೆ ಎಂದು ಅಳಿಸಿಹಾಕಿದವರನ್ನು ನೋಡಿದ್ದೇನೆ. ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಪೂರ್ತಿ ಎತ್ತಿಕೊಳ್ಳಬೇಕು, ತಾತನ ಎಕ್ಸ್‌ಪಿಯನ್ನು ಒಮ್ಮೆಯಾದರೂ ಎಬ್ಬಿಸಿ ಎಲ್ಲವನ್ನೂ ಪಿಡಿಎಫ್ ಮಾಡಿಕೊಳ್ಳಬೇಕು.

ಎಬ್ಬಿಸುವುದು ನಿನ್ನ ಹಳೇ ಕಂಪ್ಯೂಟರಿನಲ್ಲೇ ಆಗಬೇಕಿಲ್ಲ. ಇಮೇಜನ್ನು ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಸೃಷ್ಟಿಸುವ ವರ್ಚುವಲ್‌ಬಾಕ್ಸಿಗೆ ತಕ್ಕಂತೆ ಪರಿವರ್ತಿಸಿ ನನ್ನ ಲ್ಯಾಪ್‌ಟಾಪಿನಲ್ಲೇ ಓಡಿಸಬಹುದು. ಎಕ್ಸ್‌ಪಿಯ ಮಟ್ಟಿಗೆ ಅದೂ ಇನ್ನೊಂದು ಹೊಸ ಮದರ್‌ಬೋರ್ಡೇ, ಅಲ್ಲೂ 7ಬಿ ಎದುರಾಗಬಹುದು. ಆದರೆ ಇಮೇಜಿನ ಮೇಲೆ ಎಷ್ಟು ಪ್ರಯೋಗ ಮಾಡಿದರೂ ಮೂಲಕ್ಕೆ ಪೆಟ್ಟಿಲ್ಲ. ಬೇರೆ ಯಂತ್ರ ಕಂಡ ಎಕ್ಸ್‌ಪಿ ಮೂರು ದಿನದೊಳಗೆ ಆ್ಯಕ್ಟಿವೇಟ್ ಮಾಡು ಎಂದು ಕೇಳಿದರೂ ಗಾಬರಿ ಬೇಡ, ನಮ್ಮ ಕೆಲಸಕ್ಕೆ ಅಷ್ಟು ಹೊತ್ತು ಸಾಕು.

ಈ ಭಾನುವಾರ ಡಿಸ್ಕ್ ತಗೊಂಡು ಬಾ. ಬಟ್ಟೆಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಡು, ಬ್ಯಾಗಿನ ತಳಕ್ಕೆ ತುರುಕಬೇಡ. 160 ಜಿಬಿ ಡಿಸ್ಕ್ ಅಂದೆಯಲ್ಲ. ಇಮೇಜಿಗೂ ಅದರಿಂದ ತೆಗೆದ ಫೈಲಿಗೂ ಸೇರಿ ಅದರ ಎರಡರಷ್ಟು ಖಾಲಿ ಜಾಗ ಇರುವ ಎಕ್ಸ್‌ಟರ್ನಲ್ ಡಿಸ್ಕ್ ಒಂದನ್ನೂ ತಾ. ಕೆಂಗೇರಿಯಿಂದ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು ಫೋನ್ ಮಾಡು, ಸ್ಕೂಟರಿನಲ್ಲಿ ಬರುತ್ತೇನೆ. ನಕಲು ಆಗಲು ಗಂಟೆಗಟ್ಟಲೆ ಹಿಡಿಯುತ್ತದೆ, ಊಟಕ್ಕೆ ಇಲ್ಲೇ ಇರು ಅಂತ ದೊಡ್ಡಮ್ಮ ಹೇಳಿದ್ದಾಳೆ. ಅಲ್ಲಿಯವರೆಗೆ ಆ ಡಿಸ್ಕಿಗೆ ಪವರ್ ಕೊಡಬೇಡ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ