ಉಪ್ಪುನೀರಿನಲ್ಲಿ ಬೀಜದ ಪರೀಕ್ಷೆ



ರೋಹಿಣಿ ಮಳೆಗೆ ಮುಂಚೆ ಗಡಹಿಂಗ್ಲಜ, ಆಜರಾ ಕಡೆಯ ಮನೆಗಳಲ್ಲಿ ಭತ್ತದ ಬೀಜದ ಚೀಲ ಬಿಚ್ಚುತ್ತಾರೆ. ಬೀಜವನ್ನು ಮೊರದಲ್ಲಿ ಕೇರಿ, ಗಾಳಿಗೆ ತೂರಿ ಹಸನು ಮಾಡುವುದು ಹಿರಿಯರಿಂದ ಬಂದ ಪದ್ಧತಿ. ಇದರಿಂದ ಪೂರಾ ಜೊಳ್ಳು ಹಾರಿಹೋಗುತ್ತದೆ. ಅರ್ಧ ತುಂಬಿದ ಕಾಳು ಮಾತ್ರ ಹಾರುವುದಿಲ್ಲ. ಒಳ್ಳೆಯ ಕಾಳಿನೊಡನೆ ಬೆರೆತು ಸಸಿಮಡಿಗೆ ಹೋಗುತ್ತದೆ. ಅದರ ಸಸಿ ಬಡವಾಗುತ್ತದೆ. ಇಂಥ ಕಾಳನ್ನು ಬೇರೆ ಮಾಡಲು ಅಡಿಗೆ ಮನೆಯ ಉಪ್ಪು ಸಾಕು. ಜಪಾನಿನ ಕೃಷಿ ವಿಜ್ಞಾನಿ ಯೊಕೊಯಿ ತೊಕಿಯೋಶಿ ಅವರು 1882ರಲ್ಲಿಯೇ ಈ ಉಪಾಯವನ್ನು ತೋರಿಸಿದರು.

ಮೊದಲು ಒಂದು ಪ್ರಯೋಗ

ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಹೊಸ ತತ್ತಿಯೊಂದನ್ನು ಬಿಡಿರಿ. ಅದು ತಳಕ್ಕೆ ಹೋಗುತ್ತದೆ. ಈಗ ಚಮಚ ಚಮಚವಾಗಿ ಉಪ್ಪು ಹಾಕುತ್ತ ಕಲಕಿರಿ. ಸ್ವಲ್ಪ ಹೊತ್ತಿನಲ್ಲಿ ತತ್ತಿ ಮೇಲೇಳುತ್ತದೆ. ತತ್ತಿ ಒಲ್ಲದ ಮನೆಯವರು ಸಣ್ಣ ಬಟಾಟೆ ತೆಗೆದುಕೊಳ್ಳಬಹುದು. ಹಳೆಯ ತತ್ತಿ ಬೇಡ. ಅದರೊಳಗೆ ಗಾಳಿ ಹೆಚ್ಚಿರುವುದರಿಂದ ಬರಿ ನೀರಿನಲ್ಲೂ ತೇಲೀತು.

ಇಲ್ಲಿ ತತ್ತಿ ಬದಲಾಗಲಿಲ್ಲ, ನೀರು ಬದಲಾಯಿತು. ಯಾವ ವಸ್ತುವೇ ನೀರಿಗೆ ಬೀಳಲಿ, ಅದು ತನ್ನಷ್ಟು ಜಾಗದ ನೀರನ್ನು ಸರಿಸುತ್ತದೆ. ಸರಿದ ನೀರಿನ ತೂಕ ಎಷ್ಟೋ ಅಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ಎತ್ತುತ್ತದೆ. ಇದು ಆರ್ಕಿಮಿಡೀಸನ ನಿಯಮ. ವಸ್ತುವಿನ ತೂಕ ಈ ಬಲಕ್ಕಿಂತ ಹೆಚ್ಚಾದರೆ ಮುಳುಗುತ್ತದೆ, ಕಡಿಮೆಯಾದರೆ ತೇಲುತ್ತದೆ. ಉಪ್ಪುನೀರು ಅಷ್ಟೇ ಜಾಗದಲ್ಲಿ ಹೆಚ್ಚು ತೂಗುತ್ತದೆ, ಅಂದರೆ ಅದರ ಸಾಂದ್ರತೆ ಹೆಚ್ಚು. ಆದ್ದರಿಂದ ಎತ್ತುವ ಬಲವೂ ಹೆಚ್ಚು.

ಉಪ್ಪು ಎಲ್ಲಿ ಹೋಯಿತು?

ಉಪ್ಪಿನ ಹರಳು ಸೋಡಿಯಂ ಮತ್ತು ಕ್ಲೋರಿನ್ ಎಂಬ ಎರಡು ಮೂಲವಸ್ತುಗಳಿಂದಾದದ್ದು. ಸೋಡಿಯಂ ಪರಮಾಣು ತನ್ನ ಒಂದು ಇಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಡುತ್ತದೆ. ಕೊಟ್ಟದ್ದು ಧನ ಅಯಾನು, ಕೊಂಡದ್ದು ಋಣ ಅಯಾನು. ವಿರುದ್ಧ ವಿದ್ಯುತ್ತಿನವು ಒಂದನ್ನೊಂದು ಸೆಳೆದು ಬಿಗಿಯಾಗಿ ಸಾಲುಗಟ್ಟಿ ನಿಲ್ಲುತ್ತವೆ. ಇದೇ ಅಯಾನು ಬಂಧ.

ನೀರಿನ ಅಣುವಿಗೂ ಒಂದು ಕಡೆ ತುಸು ಧನ, ಇನ್ನೊಂದು ಕಡೆ ತುಸು ಋಣ ಗುಣವಿದೆ. ಅವು ಹರಳಿನ ಸುತ್ತ ಮುತ್ತಿ, ಒಂದೊಂದು ಅಯಾನನ್ನೂ ಬಿಡಿಸಿಕೊಂಡು ಸುತ್ತುವರಿಯುತ್ತವೆ. ಹೀಗಾಗಿ ಉಪ್ಪು ಕಣ್ಣಿಗೆ ಕಾಣದು, ಆದರೆ ನಾಶವಾಗದು. 1 ಲೀಟರ್ ನೀರಿಗೆ 100 ಗ್ರಾಂ ಉಪ್ಪು ಹಾಕಿದರೆ ತೂಕ ಪೂರಾ 100 ಗ್ರಾಂ ಏರುತ್ತದೆ. ಗಾತ್ರ ಮಾತ್ರ ಸುಮಾರು 35 ಮಿಲಿಲೀಟರ್ ಅಷ್ಟೇ ಏರುತ್ತದೆ. ಸಾಂದ್ರತೆ ಹೆಚ್ಚಿದ ಗುಟ್ಟು ಇದೇ.

ಬೀಜಕ್ಕೆ ಮಾಡುವ ಕ್ರಮ

1. ಭತ್ತಕ್ಕೆ 10 ಲೀಟರ್ ನೀರಿಗೆ 300 ಗ್ರಾಂ ಉಪ್ಪು ಕರಗಿಸಿರಿ. ಮಹಾರಾಷ್ಟ್ರದ ಕೃಷಿ ಖಾತೆ ಹೇಳುವ ಪ್ರಮಾಣ ಇದು. ತತ್ತಿ ತೇಲುವಷ್ಟು ಉಪ್ಪು ಹಾಕಿದರೆ ನೀರು ಇದಕ್ಕಿಂತ ಬಹಳ ಗಟ್ಟಿಯಾಗಿ, ಹೆಚ್ಚು ಕಾಳು ಮೇಲೆ ಬರುತ್ತವೆ.

2. ಬೀಜವನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಚೆನ್ನಾಗಿ ಕಲಕಿರಿ. ಸಿಪ್ಪೆಗೆ ಗಾಳಿಯ ಗುಳ್ಳೆ ಅಂಟಿದ್ದರೆ ಒಳ್ಳೆಯ ಕಾಳೂ ತೇಲುತ್ತದೆ.

3. ತೇಲಿದ್ದನ್ನು ತೆಗೆದುಹಾಕಿರಿ. ಮುಳುಗಿದ ಬೀಜವನ್ನು ತಡಮಾಡದೆ ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ನೆರಳಿನಲ್ಲಿ ಒಣಗಿಸಿರಿ. ಔಷಧ ಸವರುವುದಿದ್ದರೆ ಇದಾದ ಮೇಲೆ.

ತೊಳೆಯದೆ ಬಿತ್ತಿದರೆ ಉಪ್ಪು ಬೀಜದ ಸುತ್ತಲಿನ ನೀರನ್ನು ಹಿಡಿದಿಡುತ್ತದೆ. ಬೀಜಕ್ಕೆ ನೀರು ಸಿಗದೆ ಮೊಳಕೆ ಕೆಡುತ್ತದೆ.

ಜತ್ತ ಕಡೆಯ ಸಜ್ಜೆಯ ರೈತರು ಅರಗಟ ರೋಗದ ಕರಿ ಗಂಟುಗಳನ್ನು ತೆಗೆಯಲು 10 ಲೀಟರಿಗೆ 2 ಕಿಲೋ ಉಪ್ಪು ಬಳಸಬೇಕು. ಆ ತೇಲಿದ ಗಂಟುಗಳು ವಿಷಕಾರಿ. ದನಕ್ಕಾಗಲಿ ಕೋಳಿಗಾಗಲಿ ಹಾಕದೆ ಸುಟ್ಟುಬಿಡಿರಿ ಇಲ್ಲವೆ ಆಳವಾಗಿ ಹುಗಿಯಿರಿ.

ಉಳಿದ ಉಪ್ಪುನೀರು

ಉಳಿದ ನೀರನ್ನು ಸಸಿಮಡಿಗೂ ಬಾವಿಯ ಬದಿಗೂ ಚೆಲ್ಲಬೇಡಿರಿ. ನೀರು ಆವಿಯಾಗುತ್ತದೆ, ಅಯಾನುಗಳು ಆವಿಯಾಗುವುದಿಲ್ಲ, ನೆಲದಲ್ಲೇ ಉಳಿಯುತ್ತವೆ. ಇಚಲಕರಂಜಿಯಿಂದ ಶಿರೋಳದವರೆಗೆ ಪಂಚಗಂಗೆ-ಕೃಷ್ಣೆಯರ ದಂಡೆಯ ಕಬ್ಬಿನ ಕಪ್ಪು ನೆಲ ಸವಳು-ಜವಳಾದದ್ದು ಇದೇ ನಿಯಮದಿಂದ. ಅಲ್ಲಿ ಉಪ್ಪನ್ನು ಯಾರೂ ಸುರಿಯಲಿಲ್ಲ. ಮಿತಿ ಮೀರಿ ನೀರು ಹಾಯಿಸಿದ್ದರಿಂದ, ಬಸಿದು ಹೋಗಲು ದಾರಿಯಿಲ್ಲದೆ ನೆಲದೊಳಗಿನ ಉಪ್ಪು ಮೇಲಕ್ಕೆ ಬಂದು ನಿಂತಿತು.

ಸೋಡಿಯಂ ಅಯಾನು ಜೇಡಿಗೆ ಅಂಟಿದರೆ ಮಣ್ಣಿನ ಹೆಂಟೆಯ ಕಟ್ಟು ಒಡೆದು, ಹಸಿಯಲ್ಲಿ ಅಂಟು, ಒಣಗಿದಾಗ ಕಲ್ಲು. ಜಿಪ್ಸಂ ಹಾಕಿದರೆ ಅದರಲ್ಲಿಯ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ಹೊರಬಿದ್ದ ಸೋಡಿಯಂ ನೀರಿನೊಡನೆ ಹೊಲ ಬಿಟ್ಟು ಹೋಗಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕುವುದು ದುಡ್ಡು ದಂಡ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಜಿಪ್ಸಂ ಬೇಕೋ ಬೇಡವೋ, ಎಷ್ಟು ಎಂಬುದನ್ನು ತಿಳಿದುಕೊಳ್ಳಿರಿ.

ಮನೆಯ ಮಕ್ಕಳಿಗೆ ಎರಡು ಪ್ರಶ್ನೆ ಕೇಳಿರಿ: ನದಿಯ ಸಿಹಿನೀರಿನಿಂದ ಸಮುದ್ರಕ್ಕೆ ಹೋದ ದೋಣಿ ತುಸು ಮೇಲೇಳುವುದೇಕೆ? ಉಪ್ಪುನೀರನ್ನು ತಾಟಿನಲ್ಲಿ ಬಿಸಿಲಿಗಿಟ್ಟರೆ ಸಂಜೆಗೆ ಉಳಿಯುವುದೇನು? ಎರಡನೆಯದಕ್ಕೆ ಉತ್ತರ ಬಾಯಿಂದ ಬೇಡ, ತಾಟಿನಲ್ಲೇ ನೋಡಲಿ.