ಅವ್ವನ ಕೈಗೆಟುಕುವ ಫೋನು: ಮನೆಯ ಕಾರ್ಡ್‌ಲೆಸ್ ಬಗ್ಗೆ ಕಿವಿಮಾತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳೆಯ ಮನೆಗಳಿಗೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ತಂಪು, ನಿಜ. ಆದರೆ ಮೊಬೈಲಿನ ಸಿಗ್ನಲ್ ಎಷ್ಟೋ ಮನೆಗಳಲ್ಲಿ ಹೊಸ್ತಿಲು ದಾಟುವುದಿಲ್ಲ. ಪುಣೆಯಿಂದಲೋ ಗೋವಾದಿಂದಲೋ ಮಗನ ಫೋನ್ ಬಂದರೆ “ಹಲೋ, ಹಲೋ” ಎನ್ನುತ್ತ ಅಂಗಳಕ್ಕೆ ಓಡಬೇಕು. ಹುಡುಗರು ಓಡುತ್ತಾರೆ. ಮೊಣಕಾಲು ಹಿಡಿದ ಅವ್ವ, ಲಕ್ವಾ ಹೊಡೆದ ಕಾಕಾ ಏನು ಮಾಡಬೇಕು? ಅವರಿಗಾಗಿಯೇ ಇಂದಿಗೂ ಮನೆಗೊಂದು ಲ್ಯಾಂಡ್‌ಲೈನ್, ಅದಕ್ಕೊಂದು ಕಾರ್ಡ್‌ಲೆಸ್ ಇರಲಿ ಎನ್ನುತ್ತೇನೆ.

1986ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ತಮ್ಮ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜನ್ನು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೂಡಿಸಿದರು. ಎ.ಸಿ. ಇಲ್ಲದೆ, ಹಳ್ಳಿಯ ಬಿಸಿಲು-ಧೂಳಿನಲ್ಲೇ ನಡೆಯಬೇಕು ಎಂದು ಲೆಕ್ಕ ಹಾಕಿ ಮಾಡಿದ ಯಂತ್ರ ಅದು. ನೀವು ಮನೆಯೊಳಗೆ ಫೋನ್ ಕೂಡಿಸುವಾಗಲೂ ಲೆಕ್ಕ ಹಾಗೆಯೇ ಇರಲಿ. ಮನೆಯಲ್ಲಿ ಎಲ್ಲರಿಗಿಂತ ಶಕ್ತಿ ಕಡಿಮೆ ಇರುವವರು ಯಾರು? ರಾತ್ರಿ ಕರೆಂಟ್ ಹೋದಾಗಲೂ ಅವರು ಯಾರನ್ನೂ ಎಬ್ಬಿಸದೆ ಫೋನ್ ಹಚ್ಚುವಂತಿರಬೇಕು. ತಮ್ಮಂದಿರೇ, ತಂಗಿಯರೇ, ಕೆಳಗಿನ ಮಾತೆಲ್ಲ ಇದಕ್ಕಾಗಿ.

ಕೊಳ್ಳುವ ಮುನ್ನ

• ಡಬ್ಬಿಯ ಮೇಲೆ ‘ಡೆಕ್ಟ್’ ಎಂದು ಇರುವ ಸೆಟ್ಟನ್ನೇ ಕೇಳಿ. ಇದು ಡಿಜಿಟಲ್ ಪದ್ಧತಿ. ಹಳೆಯ ಅನಲಾಗ್ ಕಾರ್ಡ್‌ಲೆಸ್‌ಗಳಲ್ಲಿ ನಮ್ಮ ಮಾತು ಪಕ್ಕದ ಮನೆಯ ಸೆಟ್ಟಿನಲ್ಲಿ ಕೇಳಿಸುವ ಕಾಟವಿತ್ತು, ಇದರಲ್ಲಿ ಅದಿಲ್ಲ. ಯಾರೋ ಅಗ್ಗಕ್ಕೆ ಕೊಡುತ್ತಾರೆಂದು ಉದ್ದ ಆಂಟೆನಾದ ಹಳೆಯ ಸೆಟ್ ತರಬೇಡಿ.

• ಹೊಲದಲ್ಲಿ ಮನೆ ಮಾಡಿಕೊಂಡವರಿಗೆ “ಕಿಲೋಮೀಟರುಗಟ್ಟಲೆ ಹಿಡಿಯುತ್ತದೆ” ಎಂಬ ಲಾಂಗ್ ರೇಂಜ್ ಕಾರ್ಡ್‌ಲೆಸ್ ತೋರಿಸುವವರು ಇದ್ದಾರೆ. ಸರ್ಕಾರದ ಪರವಾನಗಿ ಇಲ್ಲದೆ ಅಂಥದ್ದನ್ನು ಇಟ್ಟುಕೊಳ್ಳುವುದು ಅಪರಾಧ. ಡೆಕ್ಟ್ ಸೆಟ್ ಬಯಲಿನಲ್ಲಿ ಸುಮಾರು 300 ಮೀಟರ್, ಮನೆಯೊಳಗೆ ಸುಮಾರು 50 ಮೀಟರ್ ಹಿಡಿಯುತ್ತದೆ. ದಪ್ಪ ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ಅಷ್ಟನ್ನು ನಂಬಿಯೇ ಕೊಳ್ಳಿ.

• ಅಮೆರಿಕದಲ್ಲಿರುವ ಮಗ ಅಲ್ಲಿಂದ ಸೆಟ್ ತರುತ್ತೇನೆಂದರೆ ಪ್ರೀತಿಯಿಂದಲೇ ಬೇಡ ಎನ್ನಿ. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ಅಡಾಪ್ಟರ್ ಸುಟ್ಟು ಹೋದೀತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಅಲ್ಲಿಯ ಡೆಕ್ಟ್ ಫೋನು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ, ನಮ್ಮಲ್ಲಿ ಅದು ಮೊಬೈಲ್ ಕಂಪನಿಗಳಿಗೆ ಕೊಟ್ಟ ಜಾಗ. ಇಲ್ಲಿಯ ಅಂಗಡಿಯಲ್ಲಿ, ಇಲ್ಲಿಗೆಂದೇ ಮಾಡಿದ ಸೆಟ್ ಬಿಲ್ ಸಮೇತ ಕೊಳ್ಳಿ.

• ಬಣ್ಣ ನೋಡಬೇಡಿ, ಗುಂಡಿ ನೋಡಿ. ಅಂಕಿ ದೊಡ್ಡದಿರಬೇಕು, ಒತ್ತಿದರೆ ಬೆಳಕು ಬರಬೇಕು, ಸ್ಪೀಕರ್ ಇರಬೇಕು. ಸಾಧ್ಯವಾದರೆ ಮನೆಯ ಹಿರಿಯರನ್ನು ಅಂಗಡಿಗೆ ಕರೆದೊಯ್ದು ಅವರ ಕೈಗೇ ಕೊಟ್ಟು ನೋಡಿ.

• ಲ್ಯಾಂಡ್‌ಲೈನ್ ಬರುವುದೇ ಸಾಧ್ಯವಿಲ್ಲದ ತೋಟದ ಮನೆಗೆ ಸಿಮ್ ಹಾಕುವ ಟೇಬಲ್ ಫೋನ್ ಆಗುತ್ತದೆ. ಕೊಳ್ಳುವ ಮೊದಲು ಯಾವ ಕಂಪನಿಯ ಸಿಗ್ನಲ್ ಮನೆಯೊಳಗೆ ನಿಲ್ಲುತ್ತದೆ, ಆ ಸೆಟ್ 4ಜಿಗೆ ಹೊಂದುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಬೇಸ್ ಇಡುವ ಜಾಗ

• ಹಳೆಯ ಮನೆಯಲ್ಲಿ ಗೋಡೆಯ ಗೂಡು ಕಂಡರೆ ಬೇಸನ್ನು, ಅಂದರೆ ಲೈನಿಗೆ ಜೋಡಿಸುವ ಪೆಟ್ಟಿಗೆಯನ್ನು, ಅದರೊಳಗೆ ಇಡುವ ಆಸೆ ಹುಟ್ಟುತ್ತದೆ. ಇಡಬೇಡಿ. ಮೂರೂ ಕಡೆ ಕಲ್ಲು ಕಟ್ಟಿದ ಗೂಡಿನಿಂದ ಸಿಗ್ನಲ್ ಒಂದೇ ದಿಕ್ಕಿಗೆ ಹೊರಡುತ್ತದೆ. ಪಡಸಾಲೆಯ ನಡುಭಾಗದಲ್ಲಿ, ನಿಂತವರ ಎದೆಯೆತ್ತರದ ಹಲಗೆಯ ಮೇಲೆ ಇಡಿ.

• ತಿಜೋರಿ, ತಗಡಿನ ಡಬ್ಬಿ, ಸ್ಟೀಲ್ ಪಾತ್ರೆಗಳ ಸಾಲು ಸಿಗ್ನಲನ್ನು ತಡೆಯುತ್ತವೆ. ಟಿ.ವಿ., ಫ್ರಿಜ್, ಇನ್ವರ್ಟರ್‌ಗಳಿಂದ ಒಂದು ಮೀಟರಾದರೂ ದೂರ ಇರಲಿ.

• ಕಿಟಕಿಯ ಕಟ್ಟೆ ಬೇಡ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೇರ ಬಿಸಿಲು ಬಿದ್ದರೆ ಸೆಲ್ ಬೇಗ ಸಾಯುತ್ತದೆ.

• ಜಾಗ ಗೊತ್ತು ಮಾಡುವುದಕ್ಕೆ ಒಂದು ಉಪಾಯ ಹೇಳುತ್ತೇನೆ. ಹೊರಗೆ ಇರುವ ಯಾರಿಗಾದರೂ ಫೋನ್ ಹಚ್ಚಿ, ಒಂದು, ಎರಡು, ಮೂರು ಎಂದು ಜೋರಾಗಿ ಎಣಿಸುತ್ತ ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ದೇವರ ಮನೆಗೆ, ದನ ಕಟ್ಟುವ ಜಾಗಕ್ಕೆ, ಹಿತ್ತಲಿನ ಬಚ್ಚಲಿಗೆ ನಡೆಯಿರಿ. ಯಾವ ಅಂಕಿ ಕೇಳಿಸಲಿಲ್ಲ ಎಂದು ಆಚೆಯವರು ಹೇಳಲಿ. ಆ ಅಂಕಿ ಎಣಿಸಿದ ಜಾಗವೇ ನಿಮ್ಮ ಫೋನಿನ ಗಡಿ. ಅವ್ವನ ಹಾಸಿಗೆಯೂ ಬಚ್ಚಲಿನ ದಾರಿಯೂ ಗಡಿಯೊಳಗೆ ಬರುವ ತನಕ ಬೇಸನ್ನು ಸರಿಸುತ್ತ ಹೋಗಿ. ವಯಸ್ಸಾದವರು ಕಾಲು ಜಾರಿ ಬೀಳುವುದು ಹೆಚ್ಚಾಗಿ ಬಚ್ಚಲಿನ ಹತ್ತಿರವೇ.

ಜೋಡಿಸುವಾಗ

• ಹೊಸ ಸೆಟ್ ಬಂದ ಖುಷಿಯಲ್ಲಿ ತಕ್ಷಣ ಮಾತಾಡಲು ಕೂರಬೇಡಿ. ಸೆಲ್ ಹಾಕಿ, ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ರಾತ್ರಿಯಿಡೀ, ಹ್ಯಾಂಡ್‌ಸೆಟ್ ಕೂಡಿಸುವ ತೊಟ್ಟಿಲಲ್ಲಿಟ್ಟು ಚಾರ್ಜ್ ಮಾಡಿ.

• ಹ್ಯಾಂಡ್‌ಸೆಟ್ಟಿಗೆ ಹಾಕುವುದು ಮತ್ತೆ ಮತ್ತೆ ಚಾರ್ಜ್ ಆಗುವ 1.2 ವೋಲ್ಟಿನ ಸೆಲ್. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಅಳತೆಗೆ ಹೊಂದಿದರೂ ಎಂದಿಗೂ ಹಾಕಬೇಡಿ. ಅದನ್ನು ಚಾರ್ಜ್ ಮಾಡಿದರೆ ಸೋರಬಹುದು, ಒಡೆಯಬಹುದು.

• ಈಗ ಹಲವು ಕಡೆ ತಾಮ್ರದ ತಂತಿ ಹೋಗಿ ಫೈಬರ್ ಬಂದಿದೆ. ಹಾಗಿದ್ದರೆ ಫೋನಿನ ವೈರನ್ನು ಗೋಡೆಯ ಹಳೆಯ ಡಬ್ಬಿಗೆ ಚುಚ್ಚಬೇಡಿ. ಫೈಬರ್ ಪೆಟ್ಟಿಗೆಯ ಹಿಂದೆ ಫೋನಿಗೆಂದೇ ಇರುವ ಸಣ್ಣ ತೂತಿಗೆ ಚುಚ್ಚಿ. ಇಂಟರ್‌ನೆಟ್ ವೈರಿನ ತೂತು ಅದಕ್ಕಿಂತ ಅಗಲ.

• ಡಯಲ್ ಟೋನ್ ಇದ್ದೂ ನಂಬರ್ ಹೋಗದಿದ್ದರೆ ಸೆಟ್ಟಿಂಗ್‌ನಲ್ಲಿ ‘ಪಲ್ಸ್’ ಇದೆಯೇ ನೋಡಿ, ‘ಟೋನ್’ ಮಾಡಿ.

• ಎರಡನೆಯ ಹ್ಯಾಂಡ್‌ಸೆಟ್ ಬೇಕಾದರೆ ಅದೇ ಕಂಪನಿಯದನ್ನು ತನ್ನಿ. ಸೇರಿಸುವಾಗ ಪಿನ್ ಕೇಳುತ್ತದೆ. ಬಹಳಷ್ಟು ಸೆಟ್ಟುಗಳಲ್ಲಿ ಅದು 0000. ಎರಡು ಇದ್ದರೆ ಇಂಟರ್‌ಕಾಮ್ ಆಗುತ್ತದೆ: ಒಳಮನೆಯಿಂದ ಅವ್ವ, ಅಡುಗೆಮನೆಯಲ್ಲಿರುವ ಸೊಸೆಯನ್ನು ಬಿಲ್ ಇಲ್ಲದೆ ಕರೆಯಬಹುದು.

ಕರೆಂಟ್ ಹೋದಾಗ

• ಇದೊಂದನ್ನು ಮರೆಯಬೇಡಿ. ಕೈಯಲ್ಲಿರುವ ಹ್ಯಾಂಡ್‌ಸೆಟ್ಟಿಗೆ ಪೂರ್ತಿ ಚಾರ್ಜ್ ಇದ್ದರೂ ಬೇಸ್‌ಗೆ ಕರೆಂಟ್ ಇಲ್ಲದಿದ್ದರೆ ಫೋನ್ ಹೋಗುವುದಿಲ್ಲ, ಬರುವುದಿಲ್ಲ.

• ತಾಮ್ರದ ಲೈನ್ ಇನ್ನೂ ಇರುವ ಮನೆಯವರು ಹಳೆಯ ತಂತಿಯ ಫೋನನ್ನು ಗುಜರಿಗೆ ಹಾಕಬೇಡಿ. ಅದಕ್ಕೆ ಬೇಕಾದ ಕರೆಂಟು ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದ ತಂತಿಯಲ್ಲೇ ಬರುತ್ತದೆ. ಊರೆಲ್ಲ ಕತ್ತಲಾದರೂ ಅದು ನಡೆಯುತ್ತದೆ. ಎರಡು ಬಾಯಿಯ ಸಾಕೆಟ್ ಹಾಕಿ ಎರಡನ್ನೂ ಇಡಿ. ತಂತಿಯದು ಹಿರಿಯರ ಮಂಚದ ಪಕ್ಕದಲ್ಲಿರಲಿ.

• ಫೈಬರ್ ಆದರೆ ಆ ಅನುಕೂಲ ಇಲ್ಲ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಫೈಬರ್ ಪೆಟ್ಟಿಗೆ, ಫೋನಿನ ಬೇಸ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿ. ಒಂದನ್ನೇ ಹಾಕಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನವಿಲ್ಲ.

• ಇನ್ವರ್ಟರ್ ಇಲ್ಲದವರು ರೂಟರಿಗೆಂದು ಸಿಗುವ ಸಣ್ಣ ಯುಪಿಎಸ್ ತರುತ್ತಾರೆ. ಅದು ಕೊಡುವುದು ಸಾಮಾನ್ಯವಾಗಿ 12 ವೋಲ್ಟ್. ಫೋನಿನ ಬೇಸಿಗೆ ಬೇಕಾದದ್ದು ಅದಕ್ಕಿಂತ ಕಡಿಮೆ ಇರುತ್ತದೆ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಓದದೆ ಪಿನ್ ಹೊಂದಿತೆಂದು ಚುಚ್ಚಬೇಡಿ.

ನಂಬರ್ ಒತ್ತುವಾಗ

• 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಹಚ್ಚಿದರೂ ಮುಂದೆ 0 ಬೇಕು. ಹ್ಯಾಂಡ್‌ಸೆಟ್ಟಿನಲ್ಲಿ ಮಕ್ಕಳ ನಂಬರ್ ಉಳಿಸುವಾಗ 0 ಸೇರಿಸಿಯೇ ಉಳಿಸಿ. ಬಂದ ಕಾಲಿನ ಪಟ್ಟಿಯಿಂದ ಮರಳಿ ಹಚ್ಚಿದಾಗ ಹೋಗದಿದ್ದರೂ ಕಾರಣ ಹೆಚ್ಚಾಗಿ ಆ ಸೊನ್ನೆಯೇ.

• ನಮ್ಮ ಕೋಡ್‌ಗಳು ನೆನಪಿರಲಿ: ಇಂಡಿ 08359, ಸಿಂದಗಿ 08488, ಮುದ್ದೇಬಿಹಾಳ 08356, ಬಸವನ ಬಾಗೇವಾಡಿ 08358, ವಿಜಯಪುರ 08352. ದೂರದ ಊರಿನಲ್ಲಿರುವ ಮಕ್ಕಳಿಗೆ ಕೋಡ್ ಸಮೇತ ಬರೆದು ಕೊಡಿ. ಪರದೇಶದಿಂದ ಹಚ್ಚುವವರು ಕೋಡಿನ ಮುಂದಿನ 0 ಬಿಟ್ಟು 91 ಸೇರಿಸಬೇಕು.

• ತುರ್ತಿಗೆ 112, ಆಂಬುಲೆನ್ಸಿಗೆ 108, ಕರೆಂಟಿನ ದೂರಿಗೆ ಹೆಸ್ಕಾಂನ 1912. ಇವುಗಳ ಮುಂದೆ 0 ಒತ್ತಬಾರದು.

ಹಿರಿಯರ ಕೈಗೆ ಕೊಡುವಾಗ

• ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಒಬ್ಬರಿಗೆ ಹೋಗುವಂತೆ ಮಾಡಿಡಿ. 2 ಒತ್ತಿದರೆ ದೊಡ್ಡ ಮಗ, 3 ಒತ್ತಿದರೆ ಮಗಳು, 4 ಒತ್ತಿದರೆ ಪಕ್ಕದ ಮನೆಯವರು. ಓದು ಬಾರದ ಆಯಿಗೆ ಆ ಗುಂಡಿಗಳ ಮೇಲೆ ಬೇರೆ ಬೇರೆ ಬಣ್ಣದ ಟಿಕಳಿ ಅಂಟಿಸಿ. ಬಣ್ಣ ಹಿಡಿದು ಒತ್ತುವುದನ್ನು ಅವರು ಬೇಗ ಕಲಿಯುತ್ತಾರೆ.

• ಪಕ್ಕದ ಮನೆಯವರ ನಂಬರ್ ಕಡ್ಡಾಯ. ಮುಂಬಯಿಯ ಮಗ ಫೋನ್ ಎತ್ತಿದರೂ ಓಡಿ ಬರಲಾರ, ಓಣಿಯವರು ಬರುತ್ತಾರೆ.

• ರಿಂಗಿನ ಸದ್ದು ಪೂರ್ತಿ ಏರಿಸಿ. ಕಿವಿ ಮಂದವಾದವರಿಗೆ ಚೀರುವ ಸಣ್ಣ ಸದ್ದಿಗಿಂತ ದಪ್ಪ ಸದ್ದು ಚೆನ್ನಾಗಿ ಕೇಳಿಸುತ್ತದೆ.

• ಹ್ಯಾಂಡ್‌ಸೆಟ್ ಎಲ್ಲೋ ಮರೆತರೆ ಬೇಸಿನ ಮೇಲಿನ ಪೇಜ್ ಗುಂಡಿ ಒತ್ತಿದರೆ ಸಾಕು, ಕೌದಿಯೊಳಗಿದ್ದರೂ ಕೂಗುತ್ತದೆ. ಹೀಗಿದ್ದರೂ ರಾತ್ರಿ ಮಲಗುವ ಮುನ್ನ ತೊಟ್ಟಿಲಿಗೆ ಇಡುವ ರೂಢಿ ಮಾಡಿಸಿ.

• ಮೋಸದ ಕರೆಗಳು ಲ್ಯಾಂಡ್‌ಲೈನಿಗೂ ಬರುತ್ತವೆ. “ನಿಮ್ಮ ಮಗನನ್ನು ಪೊಲೀಸರು ಹಿಡಿದಿದ್ದಾರೆ, ರೊಕ್ಕ ಕಳಿಸಿ” ಎಂದರೆ, “ಬ್ಯಾಂಕಿನಿಂದ, ಒಟಿಪಿ ಹೇಳಿ” ಎಂದರೆ ಏನೂ ಹೇಳದೆ ಇಟ್ಟುಬಿಡಿ. ಮಗನಿಗೆ ನೀವೇ ಹಚ್ಚಿ ಕೇಳಿ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ರೊಕ್ಕ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಮಳೆ, ಸಿಡಿಲು, ಹಿಟ್ಟು

• ಅಡ್ಡಮಳೆಯ ಗುಡುಗು ದೂರದಲ್ಲಿ ಕೇಳಿಸಿದಾಗಲೇ ಬೇಸಿನ ಅಡಾಪ್ಟರನ್ನೂ ಫೋನಿನ ವೈರನ್ನೂ ಕಿತ್ತಿಡಿ. ಸಿಡಿಲು ಎರಡೂ ದಾರಿಯಿಂದ ಬರುತ್ತದೆ. ಮೋಡ ತಲೆಯ ಮೇಲೆ ಬಂದ ಮೇಲೆ ಮುಟ್ಟಲು ಹೋಗಬೇಡಿ, ತಂತಿಯ ಫೋನಿನಲ್ಲಿ ಮಾತಾಡಬೇಡಿ. ಸೆಟ್ ಹೋದರೆ ಹೋಗಲಿ.

• ರೊಟ್ಟಿ ಬಡಿಯುವ ಕೈಯಲ್ಲಿ ಫೋನ್ ಎತ್ತಿದರೆ ಜೋಳದ ಹಿಟ್ಟು ಹ್ಯಾಂಡ್‌ಸೆಟ್ಟಿನ ಬುಡದ ಎರಡು ತಗಡಿನ ಬಿಂದುಗಳ ಮೇಲೆ ಕೂರುತ್ತದೆ. ಆಮೇಲೆ ತೊಟ್ಟಿಲಲ್ಲಿಟ್ಟರೂ ಚಾರ್ಜ್ ಏರುವುದಿಲ್ಲ, “ಸೆಲ್ ಕೆಟ್ಟಿತು” ಎಂದು ಹೊಸದು ತರುತ್ತಾರೆ. ಮೊದಲು ಒಣ ಬಟ್ಟೆಯಿಂದ ಆ ಬಿಂದುಗಳನ್ನು, ತೊಟ್ಟಿಲಿನ ಪಿನ್ನುಗಳನ್ನು ಒರೆಸಿ. ಹಿಟ್ಟಿನ ಕೈಯಾದರೆ ಸ್ಪೀಕರಿನಲ್ಲಿ ಮಾತಾಡಿ.

ಕೆಟ್ಟಾಗ

• ಮಾತಿನ ನಡುವೆ ಕರ್‌ಕರ್ ಸದ್ದು ಬಂದರೆ ಬೇಸನ್ನು ತೆಗೆದು ತಂತಿಯ ಫೋನನ್ನು ನೇರ ಲೈನಿಗೆ ಚುಚ್ಚಿ ಕೇಳಿ. ಆಗಲೂ ಸದ್ದಿದ್ದರೆ ದೋಷ ಹೊರಗಿನ ಲೈನಿನದು. ಬಿಎಸ್‌ಎನ್‌ಎಲ್ ಆದರೆ 198ಕ್ಕೆ ದೂರು ಬರೆಸಿ, ದೂರಿನ ನಂಬರ್ ಗುರುತು ಹಾಕಿಕೊಳ್ಳಿ. ಸದ್ದು ನಿಂತರೆ ದೋಷ ನಿಮ್ಮ ಸೆಟ್ಟಿನದು.

• ಡೋಣಿ ಹೊಳೆ ಸಾಲಿನ ಎರೆಭೂಮಿಯವರಿಗೆ ಲೈನಿನ ಈ ದೋಷ ಮಳೆಗಾಲದಲ್ಲಿ ಜಾಸ್ತಿ. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಒಳಗಿನ ಕೇಬಲ್ ಎಳೆದಾಡಿ, ಜೋಡಿಸಿದ ಕಡೆ ನೀರಿಳಿಯುತ್ತದೆ. ಲೈನ್‌ಮನ್ ಮೇಲೆ ಸಿಟ್ಟಾಗುವ ಬದಲು “ಮಳೆ ಬಂದ ಮೇಲೆ ಶುರುವಾಯಿತು” ಎಂದು ಹೇಳಿ. ಎಲ್ಲಿ ಹುಡುಕಬೇಕೆಂದು ಅವರಿಗೆ ಗೊತ್ತಾಗುತ್ತದೆ.

• ಚಾರ್ಜ್ ಇಡೀ ದಿನ ನಿಲ್ಲದಂತಾದರೆ ಸೆಲ್ ಬದಲಿಸಿ. ಜೊತೆಯ ಸೆಲ್ಲುಗಳನ್ನು ಒಟ್ಟಿಗೇ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದು ಬೇಡ.

ಕೊನೆಗೆ ಒಂದು ಪರೀಕ್ಷೆ

• ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದು ಫೋನ್ ಕೂಡಿಸಿಕೊಟ್ಟವರು, ಮರಳಿ ಹೊರಡುವ ಮುನ್ನ ಮನೆಯ ಮೇನ್ ಸ್ವಿಚ್ ತೆಗೆಯಿರಿ. “ಅವ್ವಾ, ಈಗ ನನಗೆ ಫೋನ್ ಹಚ್ಚು” ಎಂದು ಹೇಳಿ, ನಿಮ್ಮ ಮೊಬೈಲ್ ಹಿಡಿದು ಅಂಗಳದಲ್ಲಿ ನಿಲ್ಲಿ. ಒಳಗೆ ಹೋಗಿ ಸಹಾಯ ಮಾಡಬೇಡಿ. ಫೋನ್ ಬಂದರೆ ನಿಶ್ಚಿಂತೆಯಿಂದ ಹೊರಡಿ. ಬರದಿದ್ದರೆ ಅವತ್ತಿನ ಬಸ್ ಬಿಟ್ಟುಬಿಡಿ. ತಾಳ್ಮೆಯಿಂದ ಮತ್ತೆ ಕಲಿಸಿ, ಮರುದಿನ ಹೋಗಿ.